ಗುಡ್ಡಕ್ಕೆ ಬೆಂಕಿ ಬಿದ್ದಾಗ: ಹೆಲಿಕಾಪ್ಟರ್ ಬರುವ ಮೊದಲು, ಬಂದಾಗ, ಹೋದ ಮೇಲೆ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಾಡಂಚಿನಲ್ಲಿ ಮನೆ, ಗೇರು ತೋಟ, ದನದ ಕೊಟ್ಟಿಗೆ ಇರುವವರಿಗಾಗಿ ಇದನ್ನು ಬರೆದಿದ್ದೇವೆ. ಈ ಬೇಸಿಗೆಯಲ್ಲಿ ನಮ್ಮ ಊರ ಬೆನ್ನಿಗಿರುವ ಗುಡ್ಡಕ್ಕೆ ಬೆಂಕಿ ಬಿತ್ತು. ನೆಲದ ಮೇಲಿನ ಕೆಲಸ ಸಾಲದೆ ಹೆಲಿಕಾಪ್ಟರ್ ಕೇಳಬೇಕಾಯಿತು. ಅದು ಬಂತು, ನೀರು ಸುರಿಯಿತು, ಹೋಯಿತು. ವಾಸದ ಮನೆಗಳೆಲ್ಲ ಉಳಿದವು. ಅಂಚಿನ ಕೊಟ್ಟಿಗೆಗಳು, ಬಣವಿಗಳು, ಒಂದಿಷ್ಟು ಗೇರು ಗಿಡಗಳು ಹೋದವು. ಪರಿಹಾರದ ಕಾಗದಪತ್ರದ ಓಡಾಟ ಈಗಷ್ಟೇ ಮುಗಿದಿದೆ. ಯಾರನ್ನು ಕೇಳಬೇಕು, ಏನು ತಯಾರಿರಬೇಕು, ಎಲ್ಲಿ ತಡವಾಗುತ್ತದೆ ಎಂಬುದನ್ನು ನಡೆದ ಕ್ರಮದಲ್ಲೇ ಹೇಳುತ್ತೇವೆ. ಮೇಲಿನಿಂದ ಬೀಳುವ ನೀರು ಬೆಂಕಿಯನ್ನು ತಗ್ಗಿಸುತ್ತದೆ, ಕೊಲ್ಲುವುದಿಲ್ಲ. ಅದು ತಗ್ಗಿದ ಸ್ವಲ್ಪ ಹೊತ್ತಿನಲ್ಲಿ ಕೆಳಗಿನ ಮಂದಿ ಏನು ಮಾಡುತ್ತಾರೆ ಎಂಬುದರ ಮೇಲೆ ಮನೆಗಳ ಅಳಿವು ಉಳಿವು ನಿಂತಿದೆ.

ಜನವರಿಯಿಂದ ಎಲೆ ಉದುರಲು ಶುರುವಾಗಿ ಫೆಬ್ರುವರಿಯ ಹೊತ್ತಿಗೆ ಗುಡ್ಡದ ಮೇಲೆ ಮೊಣಕಾಲು ಮಟ್ಟದ ಕರಡ ಹುಲ್ಲು, ಅದರ ಕೆಳಗೆ ಗರಿಗರಿ ತರಗು, ನಡುನಡುವೆ ಲಂಟಾನದ ಪೊದೆ. ಫೆಬ್ರುವರಿಯಿಂದ ಏಪ್ರಿಲ್ ನಡುವಿನ ತನಕ, ಮೊದಲ ಅಡ್ಡಮಳೆ ಬೀಳುವವರೆಗೆ, ಇದು ಹೀಗೇ ಇರುತ್ತದೆ. ಕಾಡು ತಾನಾಗಿ ಹೊತ್ತಿಕೊಳ್ಳುವುದು ನಮ್ಮ ಕಡೆ ಇಲ್ಲವೆಂದೇ ಹೇಳಬೇಕು. ಹೊಸ ಹುಲ್ಲು ಚಿಗುರಲೆಂದು ಹಚ್ಚುವವರು, ಗೇರು ಬೀಜ ಆರಿಸಲು ಅನುಕೂಲವಾಗಲೆಂದು ತರಗು ಸುಡುವವರು, ಜೇನಿಗೆ ಹೊಗೆ ಹಾಕಿದವರು, ರಸ್ತೆಬದಿಗೆ ಬೀಡಿ ಎಸೆದವರು, ಇವರಲ್ಲೊಬ್ಬರು ಹಿಂದೆ ಇದ್ದೇ ಇರುತ್ತಾರೆ. ನಮ್ಮ ತಾಲೂಕಿನ ಭೀಮಗಡ ವನ್ಯಜೀವಿಧಾಮದ ಒಳಗೆ ಬೆಂಕಿ ಹಚ್ಚುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 30ನೇ ಕಲಮಿನ ಪ್ರಕಾರ ಅಪರಾಧ.

ಹೊಗೆ ಕಂಡದ್ದು ಮಧ್ಯಾಹ್ನ ಊಟದ ಹೊತ್ತಿಗೆ. ಆಗ ಮಾಡಬೇಕಾದ ಮೊದಲ ಕೆಲಸ ಫೋನು. ಅರಣ್ಯ ಇಲಾಖೆಯ ಸಹಾಯವಾಣಿ 1926, ತುರ್ತು ಸಂಖ್ಯೆ 112, ಜಿಲ್ಲಾ ವಿಪತ್ತು ಸಹಾಯವಾಣಿ 1077. ಇವುಗಳ ಜತೆಗೆ ನಿಮ್ಮ ಗಸ್ತಿನ ಗಾರ್ಡ್ ಮತ್ತು ವಲಯ ಅರಣ್ಯಾಧಿಕಾರಿಯ ಮೊಬೈಲ್ ನಂಬರು ಮನೆಮನೆಯಲ್ಲಿ ಗೋಡೆಯ ಮೇಲಿರಬೇಕು. ‘ಗುಡ್ಡಕ್ಕೆ ಬೆಂಕಿ ಬಿದ್ದೈತ್ರಿ ಸಾಹೇಬ್ರ’ ಎಂದಷ್ಟೇ ಹೇಳಿದರೆ ಅವರು ಎಲ್ಲಿಗೆ ಬರಬೇಕು? ವಾಟ್ಸಾಪ್‌ನಲ್ಲಿ ಲೊಕೇಶನ್ ಕಳಿಸಿ. ಬೆಂಕಿ ಗುಡ್ಡದ ತಲೆಯಲ್ಲಿದೆಯೋ ಬುಡದಲ್ಲಿದೆಯೋ, ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿದೆ, ಹತ್ತಿರದ ಮನೆ ಎಷ್ಟು ದೂರ, ಮೇಲೆ ದನ ಮೇಯಿಸುವವರು ಇದ್ದಾರೆಯೇ ಎಂಬ ನಾಲ್ಕು ಮಾತು ಹೇಳಿ.

ಉಪಗ್ರಹ ನೋಡುತ್ತದೆ, ಇಲಾಖೆಗೆ ತಾನಾಗಿ ತಿಳಿಯುತ್ತದೆ ಎಂದು ಕುಳಿತುಕೊಳ್ಳುವುದು ಅಪಾಯ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಕಾಡ್ಗಿಚ್ಚಿನ ಎಚ್ಚರಿಕೆಯನ್ನು ಎಸ್‌ಎಂಎಸ್ ಮೂಲಕ ಕಳಿಸುವುದು ನಿಜ. ಸಾರ್ವಜನಿಕರೂ ಅದರ ಜಾಲತಾಣದಲ್ಲಿ ನೋಂದಾಯಿಸಿಕೊಳ್ಳಬಹುದು, ಊರಿಗೆ ಇಬ್ಬರಾದರೂ ನೋಂದಾಯಿಸಿಕೊಳ್ಳುವುದು ಒಳ್ಳೆಯದು. ಆದರೆ ಅದಕ್ಕೆ ಆಧಾರವಾದ ವಿಐಐಆರ್‌ಎಸ್ ಎಂಬ ಉಪಕರಣ ನಮ್ಮ ಮೇಲೆ ಹಾದುಹೋಗುವುದು ಮಧ್ಯಾಹ್ನ ಒಂದೂವರೆ, ರಾತ್ರಿ ಒಂದೂವರೆಯ ಆಸುಪಾಸು. ಅದರ ಒಂದೊಂದು ಚೌಕ 375 ಮೀಟರಿನದು. ಮಧ್ಯಾಹ್ನ ಮೂರಕ್ಕೆ ಹೊತ್ತಿದ ಬೆಂಕಿ ಅದರ ಕಣ್ಣಿಗೆ ಬೀಳುವುದು ನಡುರಾತ್ರಿಗೆ. ಅಷ್ಟರಲ್ಲಿ ಒಂದು ಗುಡ್ಡ ಪೂರ್ತಿ ಕರಕಾಗಿರುತ್ತದೆ.

ಗಾರ್ಡ್ ಬಂದವರೇ ಗಾಳಿ ನೋಡಿ ಹೇಳಿದ ಮಾತು ಇದು: ‘ಕಾಕಾ, ಇದು ಅಷ್ಟಕ್ಕ ನಿಲ್ಲೂದಿಲ್ಲ. ಗಾಳಿ ತಿರಗೈತಿ. ಮೊದ್ಲ ಬಣವಿ ಕಡೆ ಮಂದಿ ಹಚ್ರಿ.’ ಅವರು ಮನೆಯ ಹೆಸರು ತೆಗೆಯದೆ ಬಣವಿಯ ಹೆಸರು ತೆಗೆದದ್ದಕ್ಕೆ ಕಾರಣವಿದೆ. ಹೆಂಚಿನ ಮನೆಗೆ ಜ್ವಾಲೆ ನೇರವಾಗಿ ತಾಗುವುದು ಕಡಿಮೆ. ಗಾಳಿಯಲ್ಲಿ ಹಾರಿ ಬರುವ ಕಿಡಿ ಬಣವಿಗೋ ಕುಳ್ಳಿನ ರಾಶಿಗೋ ಬಿದ್ದು, ಅಲ್ಲಿಂದ ಕೊಟ್ಟಿಗೆಗೆ, ಕೊಟ್ಟಿಗೆಯಿಂದ ಮನೆಯ ಮಾಡಿಗೆ ಏರುತ್ತದೆ. ಹೆಂಚಿನ ಸಂದಿಯಲ್ಲಿ ಮತ್ತು ಎರಡು ಮಾಡು ಸೇರುವ ಕಣಿವೆಯಲ್ಲಿ ವರ್ಷದ ತರಗು ತುಂಬಿರುತ್ತದೆ. ಒಂದು ಕಿಡಿ ಅಲ್ಲಿ ಕುಳಿತರೆ ಒಳಗಿನ ರೀಪು, ಪಕಾಶಿ ಹೊತ್ತಿಕೊಂಡ ಮೇಲೆಯೇ ಹೊರಗಿನವರಿಗೆ ಗೊತ್ತಾಗುವುದು. ಆದ್ದರಿಂದ ಮಾಡಿನ ತರಗು ಗುಡಿಸುವುದು, ಮನೆಯ ಸುತ್ತ ಕನಿಷ್ಠ 10 ಮೀಟರ್ ಒಣಗಿದ್ದೇನೂ ಇಲ್ಲದಂತೆ ಮಾಡುವುದು, ಕಟ್ಟಿಗೆ ಒಟ್ಟಿದ್ದನ್ನು ಗೋಡೆಯಿಂದ ದೂರ ಸಾಗಿಸುವುದು, ಗ್ಯಾಸ್ ಸಿಲಿಂಡರ್ ಬಿಚ್ಚಿ ಬಯಲಿಗೆ ಒಯ್ಯುವುದು, ದನಗಳ ಕಣ್ಣಿ ಬಿಚ್ಚುವುದು, ಇವೆಲ್ಲ ಬೆಂಕಿ ಇನ್ನೂ ದೂರ ಇರುವಾಗಲೇ ಮುಗಿಯಬೇಕು. ಗುಡಿಯ ಮೈಕಿನಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಕೂಗಿ. ನಮ್ಮ ಭಾಗದಲ್ಲಿ ಒಂದೇ ಭಾಷೆಯಲ್ಲಿ ಕೂಗಿದರೆ ಅರ್ಧ ಕೇರಿಗೆ ಸುದ್ದಿ ತಡವಾಗಿ ಮುಟ್ಟುತ್ತದೆ.

ಬೆಂಕಿ ಏರಿನಲ್ಲಿ ಓಡುತ್ತದೆ, ಇಳಿಜಾರಿನಲ್ಲಿ ತೆವಳುತ್ತದೆ. ಏರು 10 ಡಿಗ್ರಿ ಹೆಚ್ಚಾದರೆ ಅದರ ವೇಗ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಗುಡ್ಡದ ತಲೆಯ ಮೇಲಿನ ಮನೆಗಳಿಗೆ ಹೆಚ್ಚು ಭಯ ಇರುವುದು ಇದಕ್ಕೇ. ಬುಡದ ಮನೆಗಳಿಗೆ ಬರುವ ಕಂಟಕ ಬೇರೆ: ಉರಿಯುವ ಕೊರಡು ಉರುಳಿಕೊಂಡು ಬೆಂಕಿ ರೇಖೆಯನ್ನು, ಅಂದರೆ ಬೆಂಕಿ ತಡೆಯಲು ಕೆತ್ತಿದ ಬೋಳು ಪಟ್ಟಿಯನ್ನು, ದಾಟಿ ಕೆಳಗೆ ಬರುತ್ತದೆ, ಅಲ್ಲಿಂದ ಹೊಸ ಬೆಂಕಿ ಮತ್ತೆ ಮೇಲೆ ಏರುತ್ತದೆ. ನಡುವೆ ಸಿಕ್ಕವರಿಗೆ ದಾರಿ ಇರುವುದಿಲ್ಲ. ಉರಿಯುವ ಇಳಿಜಾರಿನ ಮೇಲ್ಭಾಗದಲ್ಲಿ ಯಾರೂ ನಿಲ್ಲಬಾರದು. 2017ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ತರಬೇತಿ ಪಡೆದ ಅರಣ್ಯ ರಕ್ಷಕರೊಬ್ಬರೇ ಬೆಂಕಿಯ ನಡುವೆ ಸಿಕ್ಕು ಜೀವ ಕಳೆದುಕೊಂಡರು.

ಆ ರಾತ್ರಿಯ ಕೆಲಸ ಅಂದರೆ ರೇಖೆ ಕಡಿಯುವುದು. ಮನೆಗಳಿಗೂ ಬೆಂಕಿಗೂ ನಡುವೆ ಮೂರು ಮೀಟರ್ ಅಗಲಕ್ಕೆ ಹುಲ್ಲು, ತರಗು, ಬೇರು ಎಲ್ಲ ಕೆತ್ತಿ ಮಣ್ಣು ಕಾಣುವಂತೆ ಮಾಡಬೇಕು. ಮೇಲಿನ ಎಲೆ ಗುಡಿಸಿ ಕೆಳಗಿನ ಅರೆಕೊಳೆತ ತರಗು ಬಿಟ್ಟರೆ ಬೆಂಕಿ ಅದರೊಳಗಿಂದಲೇ ಆಚೆ ದಾಟುತ್ತದೆ. ಗುದ್ದಲಿ, ಸಲಿಕೆ, ಕೊಡಲಿ, ಕುಡಗೋಲು, ಬಡಿಯಲು ಹಸಿ ಟೊಂಗೆ ಬೇಕು. ಇಲಾಖೆಯವರು ತರುವ ಬ್ಲೋವರ್ ಯಂತ್ರ ತರಗು ಹಾರಿಸುವುದರಲ್ಲಿ ಹತ್ತು ಮಂದಿಯ ಕೆಲಸ ಮಾಡುತ್ತದೆ. ಬೆಳೆಗೆ ಔಷಧ ಹೊಡೆಯುವ 16 ಲೀಟರಿನ ಬೆನ್ನಿನ ಪಂಪು ರೇಖೆ ದಾಟಿದ ಸಣ್ಣ ಬೆಂಕಿಗೆ ಬಹಳ ಉಪಯೋಗ, ಆದರೆ ಔಷಧದ ಪಂಪನ್ನು ಮೊದಲು ಚೆನ್ನಾಗಿ ತೊಳೆಯಬೇಕು. ಮೈಮೇಲೆ ಹತ್ತಿಯ ಬಟ್ಟೆಯೇ ಇರಲಿ. ಟೆರಿಕಾಟು, ನೈಲಾನು ಕರಗಿ ಚರ್ಮಕ್ಕೆ ಅಂಟುತ್ತದೆ. ಮುಖಕ್ಕೆ ಕಟ್ಟಿದ ಒದ್ದೆ ಟವೆಲ್ ಹೊಗೆಯ ಸಣ್ಣ ಕಣ ತಡೆಯುವುದಿಲ್ಲ. ಎನ್95 ಮಾಸ್ಕ್ ಇದ್ದರೆ ಅದನ್ನೇ ಹಾಕಿ.

ಬೆಂಕಿ ರೇಖೆಯ ಕಡೆಯಿಂದ ಎದುರು ಬೆಂಕಿ ಕೊಡುವ, ಅಂದರೆ ಬರುವ ಬೆಂಕಿಗೆ ಉರಿಯಲು ಏನೂ ಸಿಗದಂತೆ ಮೊದಲೇ ಸುಟ್ಟುಬಿಡುವ, ವಿಚಾರ ಊರಿನ ಹಿರಿಯರಿಗೆಲ್ಲ ಗೊತ್ತು. ಅದನ್ನು ಅರಣ್ಯ ಸಿಬ್ಬಂದಿಗೇ ಬಿಡಿ. ಗಾಳಿ ತುಸು ತಿರುಗಿದರೆ ಒಂದು ಬೆಂಕಿಯ ಬದಲು ಎರಡು ಆಗುತ್ತವೆ, ಮೇಲಾಗಿ ಹಚ್ಚಿದವರ ಮೇಲೆ ಪ್ರಕರಣವೂ ಆಗಬಹುದು.

ರಾತ್ರಿ ಎರಡರಿಂದ ಬೆಳಗಿನ ಆರರ ತನಕದ ಹೊತ್ತನ್ನು ವ್ಯರ್ಥ ಮಾಡಬೇಡಿ. ಗಾಳಿಯಲ್ಲಿ ತೇವ ಏರಿ ಬೆಂಕಿ ಮೊಳಕಾಲಿಗಿಂತ ಕೆಳಗೆ ಇಳಿದಿರುತ್ತದೆ. ಇಡೀ ದಿನದಲ್ಲಿ ಮನುಷ್ಯರಿಗೆ ಅನುಕೂಲವಾದ ಹೊತ್ತು ಅದೊಂದೇ, ಮತ್ತು ದಣಿದ ಮಂದಿ ಮಲಗಲು ಹೋಗುವುದೂ ಅದೇ ಹೊತ್ತಿಗೆ. ಮೊದಲೇ ಎರಡು ಪಾಳಿ ಮಾಡಿಕೊಂಡಿರಬೇಕು. ಅಗ್ನಿಶಾಮಕ ವಾಹನ ಬಂದರೂ ಗುಡ್ಡ ಹತ್ತುವುದಿಲ್ಲ. ಅದನ್ನು ಕಟ್ಟಕಡೆಯ ಮನೆಯ ಹತ್ತಿರ ನಿಲ್ಲಿಸಿಕೊಂಡು, ಟ್ರ್ಯಾಕ್ಟರ್ ಟ್ಯಾಂಕರುಗಳಿಂದ ಅದಕ್ಕೆ ನೀರು ತುಂಬಿಸುತ್ತಿರಬೇಕು. ಟ್ಯಾಂಕರಿನ ಬಾಡಿಗೆ, ಡೀಸೆಲ್, ಊಟ, ಚಹಾದ ಖರ್ಚು ಊರವರ ಕಿಸೆಯಿಂದಲೇ ಹೋಗುತ್ತದೆ. ಪ್ರತಿ ಚೀಟಿಯನ್ನೂ ಒಬ್ಬರ ಕೈಯಲ್ಲಿ ಇಡಿಸಿ, ಪಂಚಾಯಿತಿಯಿಂದ ಸ್ವಲ್ಪವಾದರೂ ಮರಳಿ ಸಿಗಬೇಕಾದರೆ ಅದೇ ಆಧಾರ.

ಮರುದಿನ ಗಾಳಿ ಜೋರಾಗಿ, ಬೆಂಕಿ ಮನುಷ್ಯರು ಹತ್ತಲಾಗದ ಕಡಿದಾದ ಮಗ್ಗುಲಿಗೆ ಸೇರಿದ ಮೇಲೆ ಹೆಲಿಕಾಪ್ಟರ್ ಮಾತು ಬಂತು. ಅದು ನಮ್ಮ ಕಡೆ ಕೇಳದ ವಿಷಯವೇನಲ್ಲ. 2019ರ ಫೆಬ್ರುವರಿಯಲ್ಲಿ ಬಂಡೀಪುರಕ್ಕೆ ವಾಯುಪಡೆಯ ಎಂಐ-17 ಹೆಲಿಕಾಪ್ಟರುಗಳು ಬಂದಿದ್ದವು. 2023ರ ಮಾರ್ಚಿನಲ್ಲಿ ನಮ್ಮ ಗಡಿಯಾಚೆ, ಗೋವಾದ ಮಹದಾಯಿ ಕಾಡಿನ ಬೆಂಕಿಗೆ ವಾಯುಪಡೆ, ನೌಕಾಪಡೆ ಎರಡೂ ನೀರು ಸುರಿದಿದ್ದವು. ಆದರೆ ಫೋನು ಮಾಡಿ ಕರೆಸುವ ವ್ಯವಸ್ಥೆ ಇದಲ್ಲ. ಊರವರೂ ಪಂಚಾಯಿತಿಯೂ ನೇರವಾಗಿ ಕೇಳುವಂತಿಲ್ಲ. ವಲಯ ಅರಣ್ಯಾಧಿಕಾರಿಯ ವರದಿ ಉಪ ಅರಣ್ಯ ಸಂರಕ್ಷಣಾಧಿಕಾರಿಗೆ (ಡಿಸಿಎಫ್) ಹೋಗಬೇಕು. ಇತ್ತ ತಹಶೀಲ್ದಾರರ ವರದಿ ಜಿಲ್ಲಾಧಿಕಾರಿಗೆ ಹೋಗಬೇಕು, ಏಕೆಂದರೆ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು ಅವರೇ. ಅಲ್ಲಿಂದ ಬೆಂಗಳೂರಿಗೆ, ರಾಜ್ಯ ಸರ್ಕಾರದಿಂದ ವಾಯುಪಡೆಗೆ ಕೋರಿಕೆ. ಖರ್ಚು ಸರ್ಕಾರದ ಲೆಕ್ಕಕ್ಕೆ, ಮನೆಯವರು ಒಂದು ಪೈಸೆ ಕೊಡಬೇಕಿಲ್ಲ. ಈ ಮಾತನ್ನು ಜನರಿಗೆ ಬೇಗ ಹೇಳಬೇಕು, ‘ಅದರ ಬಾಡಿಗಿ ಯಾರ ಕೊಡ್ತಾರ’ ಎಂಬ ಗುಸುಗುಸು ಊರಲ್ಲಿ ಎದ್ದೇ ಏಳುತ್ತದೆ.

ಎರಡು ಇಲಾಖೆಯ ವರದಿಗಳೂ ಒಂದೇ ಹೊತ್ತಿಗೆ ಹೊರಡಬೇಕು. ಒಂದು ಇನ್ನೊಂದಕ್ಕಾಗಿ ಕಾದರೆ ಅರ್ಧ ದಿನ ಕಳೆಯುತ್ತದೆ. ನಮ್ಮಲ್ಲಿ ತಡವಾದದ್ದು ನೀರಿನ ಜಾಗದ ವಿವರಕ್ಕಾಗಿ. ಮೇಲಿನಿಂದ ಕೇಳುವ ಪ್ರಶ್ನೆಗಳೇ ಬೇರೆ: ಬೆಂಕಿಯ ಅಕ್ಷಾಂಶ, ರೇಖಾಂಶ ಎಷ್ಟು? ಹತ್ತಿರದ ಕೆರೆ ಎಷ್ಟು ದೂರ? ಈ ತಿಂಗಳಲ್ಲಿ ಅದರ ಆಳ ಎಷ್ಟು? ದಂಡೆಯಲ್ಲಿ ಗಿಡ, ವಿದ್ಯುತ್ ತಂತಿ, ಟವರ್ ಏನಾದರೂ ಇವೆಯೇ? ಹೆಲಿಕಾಪ್ಟರ್ ಇಳಿಯಲು ಗಟ್ಟಿ ಬಯಲು ಎಲ್ಲಿದೆ? ನೆಲದ ಮೇಲೆ ಯಾರ ಜತೆ ಮಾತಾಡಬೇಕು? ಮಳೆಗಾಲದಲ್ಲಿ ತುಂಬಿ ತುಳುಕುವ ಕೆರೆ ಮಾರ್ಚಿನಲ್ಲಿ ಹೂಳಿನ ಮೇಲೆ ಸೊಂಟಮಟ್ಟ ನೀರು ಹಿಡಿದಿರುತ್ತದೆ. ಬಕೆಟ್ ಪೂರ್ತಿ ಮುಳುಗಲು ಮೂರು ಮೀಟರಿನಷ್ಟಾದರೂ ಆಳ ಇರಬೇಕು. ಹಗ್ಗಕ್ಕೆ ಕಲ್ಲು ಕಟ್ಟಿ ತೆಪ್ಪದಲ್ಲಿ ಹೋಗಿ ಅಳೆಯುವುದಕ್ಕೆ ಒಂದು ತಾಸು ಸಾಕು, ಆದರೆ ಆ ತಾಸನ್ನು ಬೆಂಕಿ ಬೀಳುವ ಮೊದಲೇ, ಪ್ರತಿ ಫೆಬ್ರುವರಿಯಲ್ಲಿ, ಕೊಟ್ಟಿಟ್ಟಿರಬೇಕು. ದಂಡೆಯ ಮೇಲೆ ಹಾದುಹೋದ 11 ಕೆವಿ ತಂತಿ ಇನ್ನೊಂದು ತೊಡಕು. ಹೆಸ್ಕಾಂ ಲೈನ್‌ಮನ್ ವಿದ್ಯುತ್ ಕಡಿತ ಮಾಡಿದರೂ ತಂತಿ ಅಲ್ಲೇ ಇರುತ್ತದೆ, ತೂಗಾಡುವ ಬಕೆಟ್ ಅದಕ್ಕೆ ಸಿಕ್ಕಬಹುದು. ಹಾಗಾಗಿ ತಂತಿ ಇಲ್ಲದ ಬದಿಯಿಂದ ಒಳಬಂದು ಅದೇ ಬದಿಯಿಂದ ಹೊರಹೋಗುವ ದಾರಿಯನ್ನು ಗುರುತಿಸಿ, ಕಂಬಗಳಿಗೆ ಕೆಂಪು ಬಟ್ಟೆ ಕಟ್ಟಿ ತೋರಿಸಬೇಕಾಯಿತು. ಮೀನು ಹಿಡಿಯುವವರ ಬಲೆ, ಅದರ ತೇಲುಬುಂಡೆಗಳನ್ನೂ ಮೇಲೆ ಎಳೆಯಬೇಕು.

ಕಾಯುವ ಹೊತ್ತು ಬಹಳ ಕೆಟ್ಟದ್ದು. ಮಂದಿ ಗುಡ್ಡದ ಕಡೆ ನೋಡುವುದನ್ನು ಬಿಟ್ಟು ಆಕಾಶ ನೋಡುತ್ತ ನಿಲ್ಲುತ್ತಾರೆ. ‘ಇನ್ನೇನ್ ಬರತೈತಿ ಬಿಡ್ರಿ’ ಎಂದು ಸಲಿಕೆ ಕೆಳಗಿಡುತ್ತಾರೆ. ಕೋರಿಕೆ ಹೋಗಿದೆ ಎಂಬ ಸುದ್ದಿ ಬಂದ ಮೇಲೆ ರೇಖೆ ಕಡಿಯುವ ಕೆಲಸ ಅರ್ಧಕ್ಕೆ ಇಳಿಯಿತು. ಅದನ್ನು ಮತ್ತೆ ಎಬ್ಬಿಸಲು ಊರ ಹೆಣ್ಣುಮಕ್ಕಳೇ ಬುಟ್ಟಿ, ಸಲಿಕೆ ಹಿಡಿದು ಮುಂದೆ ನಿಲ್ಲಬೇಕಾಯಿತು. ಹೆಲಿಕಾಪ್ಟರ್ ಬರುವುದೇ ಇಲ್ಲ ಎಂದುಕೊಂಡೇ ಕೆಲಸ ನಡೆಯಬೇಕು. ಕತ್ತಲಾದ ಮೇಲೆ ಬಕೆಟ್ ಹಾರಾಟ ನಡೆಯುವುದಿಲ್ಲ, ದಟ್ಟ ಹೊಗೆಯಲ್ಲೂ ಇಲ್ಲ. ಮಧ್ಯಾಹ್ನ ನಾಲ್ಕಕ್ಕೆ ಅನುಮತಿ ಸಿಕ್ಕರೆ ಅದು ಮರುದಿನದ ಅನುಮತಿ ಎಂದೇ ತಿಳಿಯಿರಿ.

ಬಂದ ಮೇಲೆ ಮೊದಲ ಸುತ್ತು ಬರೀ ನೋಡಲು. ಬೆಂಕಿಯ ತಲೆ ಎಲ್ಲಿ, ಮಗ್ಗುಲು ಎಲ್ಲಿ, ಮನೆ ಎಲ್ಲಿ, ತಂತಿ ಎಲ್ಲಿ ಎಂದು ಪೈಲಟ್‌ಗಳು ಖಾತ್ರಿ ಮಾಡಿಕೊಳ್ಳುತ್ತಾರೆ. ‘ನೀರು ಹಾಕದs ಹೊಂಟ್ರಲ್ಲಾ’ ಎಂದು ಊರವರು ಆಗ ಗಾಬರಿಯಾಗುವುದು ಸಹಜ. ಆಮೇಲೆ ಬ್ಯಾಂಬಿ ಬಕೆಟ್ ಕಟ್ಟುತ್ತಾರೆ. ಇದು ಮಡಚಬಹುದಾದ ಗಟ್ಟಿ ಬಟ್ಟೆಯ ಚೀಲ, ಹೆಲಿಕಾಪ್ಟರಿನ ಹೊಟ್ಟೆಯ ಕೊಕ್ಕೆಯಿಂದ ಹಗ್ಗದಲ್ಲಿ ತೂಗುತ್ತದೆ. ಕೆರೆಯ ಮೇಲೆ ಒಂದೇ ಜಾಗದಲ್ಲಿ ನಿಂತು ಅದನ್ನು ಅದ್ದಿದರೆ ಒಂದು ನಿಮಿಷದೊಳಗೆ ತುಂಬುತ್ತದೆ. ತಳದ ಕವಾಟವನ್ನು ಪೈಲಟ್ ಗುಂಡಿ ಒತ್ತಿ ತೆರೆಯುತ್ತಾರೆ. ಎಂಐ-17ರ ಬಕೆಟ್‌ನಲ್ಲಿ ಸುಮಾರು 3,500 ಲೀಟರ್ ಹಿಡಿಯುತ್ತದೆ. ಸುಡುಬಿಸಿಲಿನ ತೆಳು ಗಾಳಿಯಲ್ಲಿ ಎತ್ತುವ ಶಕ್ತಿ ತಗ್ಗುವುದರಿಂದ ಮಧ್ಯಾಹ್ನ ಅದಕ್ಕಿಂತ ಕಡಿಮೆಯನ್ನೇ ಹೊತ್ತೊಯ್ಯಬೇಕಾಗಬಹುದು.

ಲೆಕ್ಕ ಹಾಕಿ ನೋಡಿ. ಒಂದು ಟ್ರ್ಯಾಕ್ಟರ್ ಟ್ಯಾಂಕರಿಗಿಂತಲೂ ಕಡಿಮೆ ನೀರು ಒಂದು ಸಲಕ್ಕೆ. ಕೆರೆ ಮೂರು ಕಿಲೋಮೀಟರಿನಲ್ಲಿದ್ದು, ತುಂಬಿ, ಸುರಿದು, ಮರಳಿ ಬರಲು ಹತ್ತು ನಿಮಿಷ ಹಿಡಿದರೆ ತಾಸಿಗೆ ಆರು ಸಲ, ಅಂದರೆ 21,000 ಲೀಟರ್. ಕೆರೆ ಹದಿನೈದು ಕಿಲೋಮೀಟರ್ ದೂರವಿದ್ದರೆ ಅದು ಮೂರನೇ ಒಂದಕ್ಕೆ ಇಳಿಯುತ್ತದೆ. ನಡುನಡುವೆ ಇಂಧನಕ್ಕೆ ಹೋಗಬೇಕು. ಹತ್ತಿರದ ನೀರು ಎಷ್ಟು ಮುಖ್ಯ ಎಂಬುದು ಇಲ್ಲಿ ತಿಳಿಯುತ್ತದೆ.

ಆ ನೀರನ್ನು ಉರಿಯ ನಡುವಿಗೆ ಸುರಿದರೆ ಬಹುಪಾಲು ಆವಿಯಾಗುತ್ತದೆ. ಬೆಂಕಿಯ ಅಂಚಿಗೆ, ಇಲ್ಲವೇ ಮನೆಗಳ ಮುಂದಿನ ರೇಖೆಯ ಉದ್ದಕ್ಕೆ ಬಿದ್ದರೆ ಪ್ರಯೋಜನ. ರೇಖೆ ಮೇಲಿನಿಂದ ಕಾಣುವಂತೆ ಇರಬೇಕಾದ್ದು ಇದಕ್ಕೇ: ಬೋಳು ಮಣ್ಣಿನ ಪಟ್ಟಿ ಸ್ಪಷ್ಟವಾಗಿ ಕಂಡರೆ ಪೈಲಟ್ ಅದನ್ನೇ ಹಿಡಿದು ಸುರಿಯುತ್ತಾರೆ. ಸುರಿಯುವ ಮೊದಲು ಕೆಳಗಿನವರೆಲ್ಲ ಸರಿಯಲೇಬೇಕು. ಮೂರೂವರೆ ಟನ್ ನೀರು ಮರದ ಕೊಂಬೆ ಮುರಿಯುತ್ತದೆ, ಕಲ್ಲು ಉರುಳಿಸುತ್ತದೆ, ಹೆಂಚು ಒಡೆಯುತ್ತದೆ. ರೆಕ್ಕೆಯ ಗಾಳಿ ಇನ್ನೊಂದು ಕಾಟ. ಅದು ಬೂದಿಯೊಳಗಿನ ಕೆಂಡ ಎಬ್ಬಿಸುತ್ತದೆ, ಕೊಟ್ಟಿಗೆಯ ಸಡಿಲ ತಗಡು, ತಾಡಪತ್ರಿ, ಬಿಡಿ ಹುಲ್ಲು ಹಾರಿಸುತ್ತದೆ. ತಗಡಿಗೆ ಕಲ್ಲು ಹೇರಿ, ತಾಡಪತ್ರಿ ಸುತ್ತಿಡಿ. ಡ್ರೋನ್ ಹಾರಿಸುವ ಹುಡುಗರನ್ನು ತಡೆಯಿರಿ, ಆಕಾಶದಲ್ಲಿ ಒಂದು ಡ್ರೋನ್ ಕಂಡರೂ ಹಾರಾಟ ನಿಲ್ಲಿಸಬೇಕಾಗುತ್ತದೆ. ಕೆರೆಯ ದಂಡೆಗೆ ಸುತ್ತಲಿನ ಊರವರೆಲ್ಲ ನೋಡಲು ನೆರೆಯುತ್ತಾರೆ. ಅವರನ್ನು ದೂರ ಇಡಲು ಪೊಲೀಸರನ್ನು ಮೊದಲೇ ಕೇಳಿಕೊಂಡಿರಬೇಕು. ಸಿಬ್ಬಂದಿಯ ಜತೆ ಮಾತಾಡಲು ಹಿಂದಿ ಚೆನ್ನಾಗಿ ಬರುವ, ಗುಡ್ಡದ ಮೂಲೆಮೂಲೆ ಬಲ್ಲ ಒಬ್ಬರು ಅರಣ್ಯಾಧಿಕಾರಿಯ ಪಕ್ಕದಲ್ಲೇ ಇರಲಿ.

ನೀರು ಬಿದ್ದ ಜಾಗದಲ್ಲಿ ಉರಿ ಕುಸಿದು ಬಿಳಿ ಹೊಗೆ ಏಳುತ್ತದೆ. ಜನ ಚಪ್ಪಾಳೆ ತಟ್ಟುತ್ತಾರೆ. ಅರ್ಧ ತಾಸು ಬಿಟ್ಟರೆ ಅದೇ ಜಾಗ ಒಣಗಿ ಮತ್ತೆ ಹೊತ್ತಿಕೊಳ್ಳುತ್ತದೆ. ಹೆಲಿಕಾಪ್ಟರ್ ಆಚೆ ಸರಿದು, ಅರಣ್ಯಾಧಿಕಾರಿ ಕೈ ತೋರಿದ ಕೂಡಲೇ ತಂಡಗಳು ಸಲಿಕೆ, ಪಂಪು ಹಿಡಿದು ಒಳಹೊಕ್ಕು, ಒದ್ದೆಯಾದ ಅಂಚನ್ನು ಕೆತ್ತಿ, ಕೆಂಡ ಮಗುಚಿ, ಮಣ್ಣು ಎಳೆಯಬೇಕು. ನಮ್ಮ ಕಡೆಯ ಮನೆಗಳ ಸಾಲು ಉಳಿದದ್ದು ಹೀಗೆ. ತಂಡ ತಡವಾಗಿ ತಲುಪಿದ ಒಂದು ಮೂಲೆಯಲ್ಲಿ ಬೆಂಕಿ ಮರಳಿ ಎದ್ದು ಗೇರು ತೋಟಕ್ಕೆ ನುಗ್ಗಿತು.

ಉರಿ ಕಾಣದಂತಾದ ಮೇಲೂ ಬೆಂಕಿ ಬದುಕಿರುತ್ತದೆ. ಒಣ ಬೊಡ್ಡೆ, ಟೊಳ್ಳು ಮರ, ತಿಪ್ಪೆ, ಬೇರಿನ ಒಳಗೆ ದಿನಗಟ್ಟಲೆ ಹೊಗೆಯಾಡುತ್ತದೆ. ಮುಂಗೈಯನ್ನು ಬೂದಿಯ ಹತ್ತಿರ ಹಿಡಿದು ಶಾಖ ನೋಡಿ, ಬಿಸಿ ಇದ್ದಲ್ಲಿ ಅಗೆದು, ನೀರು ಹಾಕಿ ಕಲಸಿ, ಮತ್ತೆ ನೋಡಿ. ರೇಖೆಯಿಂದ ಒಳಗಿನ ಇಪ್ಪತ್ತು ಮೀಟರ್ ಪಟ್ಟಿಯಲ್ಲಿ ಒಂದೂ ಹೊಗೆ ಉಳಿಯಬಾರದು. ಮೂರ್ನಾಲ್ಕು ದಿನವಾದರೂ ಮಧ್ಯಾಹ್ನದ ಹೊತ್ತು ಕಾವಲು ಬೇಕು, ಆರಿದ ಬೆಂಕಿ ಮರಳಿ ಏಳುವುದು ಗಾಳಿ ಬಿಸಿಲು ಜತೆಯಾಗುವ ಆಗಲೇ.

ಇನ್ನು ಕಾಗದಪತ್ರ. ಸುಟ್ಟದ್ದನ್ನು ತೆರವು ಮಾಡುವ ಮೊದಲು ದಿನಾಂಕ, ಜಾಗ ಮೂಡುವ ಮೊಬೈಲ್ ಕ್ಯಾಮೆರಾ ಆ್ಯಪಿನಲ್ಲಿ ಫೋಟೊ ತೆಗೆದು, ಗ್ರಾಮ ಆಡಳಿತ ಅಧಿಕಾರಿಯನ್ನು ಕರೆಸಿ ಪಂಚನಾಮೆ ಮಾಡಿಸಿ. ದನ ಸತ್ತಿದ್ದರೆ ಪಶುವೈದ್ಯರ ಮರಣೋತ್ತರ ವರದಿ ಇಲ್ಲದೆ ಹೂಳಬೇಡಿ. ಕಟುವಾಗಿ ಕೇಳಿಸುತ್ತದೆ, ಆದರೆ ಆ ಒಂದು ಹಾಳೆ ಇಲ್ಲದಿದ್ದರೆ ಮುಂದೆ ಯಾರೂ ಏನೂ ಮಾಡಲಾರರು. ಅಗ್ನಿ ಅನಾಹುತ ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲಿದೆ. 2022–26ರ ಕೇಂದ್ರ ಮಾನದಂಡದ ಪ್ರಕಾರ ಪೂರ್ತಿ ಹಾನಿಯಾದ ಮನೆಗೆ ಬಯಲುಸೀಮೆಯಲ್ಲಿ ₹1,20,000, ಗುಡ್ಡಗಾಡಿನಲ್ಲಿ ₹1,30,000. ಭಾಗಶಃ ಹಾನಿಯಾದ ಪಕ್ಕಾ ಮನೆಗೆ ₹6,500, ಕಚ್ಚಾ ಮನೆಗೆ ₹4,000, ಗುಡಿಸಲಿಗೆ ₹8,000, ಮನೆಗೆ ಹೊಂದಿದ ಕೊಟ್ಟಿಗೆಗೆ ₹3,000. ಹಾಲು ಕೊಡುವ ಎಮ್ಮೆ, ಆಕಳಿಗೆ ₹37,500, ಎತ್ತಿಗೆ ₹32,000, ಆಡು ಕುರಿಗೆ ₹4,000. ಗೇರಿನಂಥ ಬಹುವಾರ್ಷಿಕ ಬೆಳೆಗೆ 33 ಪ್ರತಿಶತ ಅಥವಾ ಹೆಚ್ಚು ಹಾನಿಯಾಗಿದ್ದರೆ ಹೆಕ್ಟೇರಿಗೆ ₹22,500, ಎರಡು ಹೆಕ್ಟೇರಿನ ತನಕ. ಬಣವಿಗೆ ಇದರಲ್ಲಿ ಬಾಬ್ತೇ ಇಲ್ಲ. ವರ್ಷದ ಮೇವು ಕಳೆದುಕೊಂಡವರಿಗೆ ಇದಕ್ಕಿಂತ ದೊಡ್ಡ ನೋವು ಬೇರೆ ಇರಲಿಲ್ಲ. ಅಕ್ಕಪಕ್ಕದ ಊರುಗಳಿಂದ ಬಂಡಿಯಲ್ಲಿ ಮೇವು ಬಂದದ್ದರಿಂದ ದನ ಉಳಿದವು.

ಅರ್ಜಿ ಸಿಕ್ಕಿಬೀಳುವುದು ಹೆಸರಿನ ಕಾಗುಣಿತದಲ್ಲಿ. ಉತಾರದಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಮರಾಠಿ ಉಚ್ಚಾರದಿಂದ ಪಾಸ್‌ಬುಕ್ಕಿನಲ್ಲಿ ಮತ್ತೊಂದು. ಮನೆ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇದ್ದರೆ ವಾರಸಾ ಆಗುವ ತನಕ ತಡ. ಇ-ಸ್ವತ್ತು ಇಲ್ಲದ, ಅರಣ್ಯ ಹಕ್ಕಿನ ಅರ್ಜಿ ಇನ್ನೂ ಬಾಕಿ ಇರುವ ಮನೆಗಳವರು ಮನೆಪಟ್ಟಿ ಪಾವತಿ, ಕರೆಂಟ್ ಬಿಲ್, ರೇಷನ್ ಕಾರ್ಡು, ಪಿಡಿಒ ದೃಢೀಕರಣ ಸೇರಿಸಿ ವಾಸವನ್ನು ತೋರಿಸಬೇಕು. ಹಣ ಬರುವುದು ಆಧಾರ್ ಜೋಡಣೆಯಾದ ಖಾತೆಗೆ. ಖಾತೆಗೆ ಆಧಾರ್ ಕೊಟ್ಟಿರುವುದು ಬೇರೆ, ನೇರ ಪಾವತಿಗೆ ಅದು ಜೋಡಣೆಯಾಗಿರುವುದು ಬೇರೆ. ಬ್ಯಾಂಕಿಗೆ ಹೋಗಿ ಎರಡನೆಯದನ್ನೇ ಸ್ಪಷ್ಟವಾಗಿ ಕೇಳಿ.

ವಿಮೆ ಇದ್ದವರು ಅಂದೇ ಕಂಪನಿಗೆ ತಿಳಿಸಬೇಕು, ಅಗ್ನಿಶಾಮಕ ದಳದ ವರದಿಯ ಪ್ರತಿ ತೆಗೆದಿಟ್ಟುಕೊಳ್ಳಬೇಕು. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ‘ಭಾರತ್ ಗೃಹ ರಕ್ಷಾ’ ಪಾಲಿಸಿಯಲ್ಲಿ ಕಾಡ್ಗಿಚ್ಚು ಮೂಲದಲ್ಲೇ ಸೇರಿದೆ. ಮಾಡಿಸುವಾಗಲೇ ಕೊಟ್ಟಿಗೆ, ಅಟ್ಟದ ಸಾಮಾನುಗಳನ್ನು ಬರೆಸಿ. ದನಗಳಿಗೆ ಬೇರೆ ವಿಮೆ ಬೇಕು.

ಈಗ ಊರ ಸಭೆಯಲ್ಲಿ ಎರಡು ಅರ್ಜಿ ತಯಾರಾಗಿವೆ. ಒಂದು ಪಂಚಾಯಿತಿಗೆ: ಕೆರೆಯ ಒಂದು ಮೂಲೆಯಾದರೂ ಬೇಸಿಗೆಯಲ್ಲಿ ಮೂರು ಮೀಟರ್ ನೀರು ಹಿಡಿಯುವಂತೆ ಹೂಳು ತೆಗೆಯಬೇಕು, ಅಲ್ಲಿ ಆಳದ ಅಳತೆಗಲ್ಲು ನೆಡಬೇಕು. ಇನ್ನೊಂದು ವಲಯ ಅರಣ್ಯಾಧಿಕಾರಿಗೆ: ಮುಂದಿನ ಡಿಸೆಂಬರಿನಲ್ಲಿ ಬೆಂಕಿ ರೇಖೆ ಮಾಡುವಾಗ ಊರ ಹಿಂದಿನ ಪಟ್ಟಿಯನ್ನೂ ಸೇರಿಸಬೇಕು, ಬೆಂಕಿ ಕಾವಲುಗಾರರ ಕೂಲಿ ಕೆಲಸಕ್ಕೆ ಗುಡ್ಡ ಬಲ್ಲ ನಮ್ಮೂರ ಹುಡುಗರನ್ನೇ ತೆಗೆದುಕೊಳ್ಳಬೇಕು. ನೀವೂ ಕೊಡುವುದಾದರೆ ದೀಪಾವಳಿಯೊಳಗೆ ಕೊಡಿ, ಸ್ವೀಕೃತಿಯ ಸಹಿ ಇರುವ ಪ್ರತಿ ಇಟ್ಟುಕೊಳ್ಳಿ.